ಜನಾಂಗವು ತಿರುಗಿಕೊಳ್ಳುವುದೆಂದರೇನು?



ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆದುಕೊಡಬೇಕೆಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ. ಪರೀಕ್ಷೆಗಳ ಫಲಿತಾಂಶ, ಕಟ್ಟಡದ ದುರಸ್ತಿ, ಆಟಪಾಟಗಳಲ್ಲಿ ದೊರೆತ ಬಹುಮಾನಗಳು ಇವೆಲ್ಲವೂ ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಬಂದಿರುವುದರಿಂದ ಅವುಗಳನ್ನು ಇಲ್ಲಿ ಪುನಃ ಹೇಳುವುದಿಲ್ಲ. ಕಳೆದ ವರ್ಷ ಸತ್ಯವೇದದ ಪಾಠದ ಸಮಯದಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಆ ಪ್ರಶ್ನೆಗೆ ಉತ್ತರ ಕೊಡಲು ಹೋಗಿ ನಾನು ಎಲ್ಲಿಗೆ ಬಂದು ಮುಟ್ಟಿದೆನೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಬೆಳಗಿನ ಪ್ರಾರ್ಥನೆಯಲ್ಲಿ ನಾವು ದೇಶಕ್ಕಾಗಿ ಪ್ರಾರ್ಥಿಸುವುದುಂಟು. "ನಮ್ಮ ಜನಾಂಗವು ತನ್ನ ಪಾಪಗಳಿಗಾಗಿ ಪಶ್ಚಾತ್ತಾಪಪಟ್ಟು ನಿನ್ನ ಕಡೆಗೆ ತಿರುಗಿಕೊಳ್ಳುವಂತೆ ಮಾಡು" ಎಂಬ ಮಾತು ನನ್ನ ಬಾಯಿಂದ ಎಷ್ಟು ಸಾರಿ ಹೊರಟಿದೆಯೋ ಲೆಕ್ಕವಿಲ್ಲ. ಆ ದಿನವೂ ಹಾಗೆಯೇ ಹೇಳಿದ್ದೆನು. ಪಾಠದ ಹೊತ್ತಿಗೆ ಆ ಹುಡುಗಿಯು ಎದ್ದು ನಿಂತು, "ಟೀಚರ್, ಒಬ್ಬಳು ತಪ್ಪು ಮಾಡಿದರೆ ಅವಳು ಅಳುತ್ತಾಳೆ. ದೇಶ ತಪ್ಪು ಮಾಡಿದರೆ ಯಾರು ಅಳಬೇಕು?" ಎಂದು ಕೇಳಿದಳು. ಉಳಿದವರು ನಕ್ಕರು. ನಾನೂ ಮುಗುಳುನಕ್ಕು, ಮುಂದಿನ ಪಾಠದಲ್ಲಿ ಹೇಳುತ್ತೇನೆಂದು ಸಮಯವನ್ನು ಕೇಳಿಕೊಂಡೆನು. ಉಪಾಧ್ಯಾಯಿನಿಯರು ಹೀಗೆ ಸಮಯ ಕೇಳುವುದು ಉತ್ತರವು ತಿಳಿಯದಿರುವಾಗಲೇ ಎಂಬುದು ನನ್ನ ಶಿಷ್ಯೆಯರಾದ ನಿಮಗೆ ತಿಳಿಯದ ಸಂಗತಿಯಲ್ಲ.

ಮೊದಲು ಪದದ ಅರ್ಥವನ್ನೇ ನೋಡಿದೆನು. ಪಶ್ಚಾತ್ತಾಪವೆಂದರೆ ಮಾಡಿದ ಮೇಲೆ ಹುಟ್ಟುವ ತಾಪ, ಹಿಂದಿನಿಂದ ಬರುವ ಬೇಗೆ. ಆದರೆ ಹಳೆಯ ಒಡಂಬಡಿಕೆಯ ಇಬ್ರಿಯ ಭಾಷೆಯಲ್ಲಿ ಪ್ರವಾದಿಗಳು ಬಳಸಿದ 'ಶೂಬ್' ಎಂಬ ಪದಕ್ಕೆ ಹಿಂದಿರುಗು, ತಿರುಗಿಕೋ ಎಂಬುದೇ ಅರ್ಥ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯ 'ಮೆಟನೋಯ' ಎಂಬುದಕ್ಕೆ ಮನಸ್ಸು ಬೇರೆಯಾಗುವುದೆಂದು ಅರ್ಥ. ತಾಪವೊಂದೇ ಸಾಲದೆಂಬುದು ಇದರಿಂದ ತಿಳಿಯುತ್ತದೆ. ಕರ್ತನನ್ನು ಹಿಡಿದುಕೊಟ್ಟ ಯೂದನಿಗೂ ತಾಪವುಂಟಾಯಿತು. ಕರ್ತನನ್ನು ಅರಿಯೆನೆಂದ ಪೇತ್ರನಿಗೂ ಉಂಟಾಯಿತು. ಒಬ್ಬನು ಕತ್ತಲೆಗೆ ನಡೆದುಹೋದನು. ಇನ್ನೊಬ್ಬನು ಅತ್ತು, ಬಳಿಕ ತಿರುಗಿ ಬಂದನು. ದಾರಿ ತಪ್ಪಿದವನು ದಾರಿಯಲ್ಲಿ ಕುಳಿತು ಎಷ್ಟು ಅತ್ತರೂ ಊರು ಹತ್ತಿರ ಬರುವುದಿಲ್ಲವಷ್ಟೆ.

ಇನ್ನು ಜನಾಂಗದ ವಿಷಯ. ಸತ್ಯವೇದದಲ್ಲಿ ಇದಕ್ಕೆ ಎಲ್ಲರೂ ಹೇಳುವ ಉದಾಹರಣೆಯು ನಿನೆವೆ ಪಟ್ಟಣದ್ದು. ಇಂದಿನ ಇರಾಕ್ ದೇಶದ ಮೋಸುಲ್ ನಗರದ ಬಳಿ, ಟೈಗ್ರಿಸ್ ನದಿಯ ದಡದಲ್ಲಿ ಅದರ ಹಾಳುಗೋಡೆಗಳು ಇವೆ. ನಾಲ್ವತ್ತು ದಿನಗಳಲ್ಲಿ ಪಟ್ಟಣವು ಕೆಡವಲ್ಪಡುವುದೆಂದು ಯೋನನು ಸಾರಲು, ಅರಸನು ಸಿಂಹಾಸನದಿಂದ ಇಳಿದು ರಾಜವಸ್ತ್ರವನ್ನು ತೆಗೆದು ಗೋಣಿತಟ್ಟನ್ನು ಸುತ್ತಿಕೊಂಡು ಬೂದಿಯಲ್ಲಿ ಕುಳಿತನೆಂದೂ, ದನಕುರಿಗಳಿಗೆ ಸಹ ಮೇವು ನೀರುಗಳನ್ನು ಕೊಡಲಿಲ್ಲವೆಂದೂ ಅಲ್ಲಿ ಬರೆದಿದೆ. ಸುರಿಯಾನಿ ಸಭೆಗಳವರು ಇಂದಿಗೂ ಮಹಾ ಉಪವಾಸಕ್ಕೆ ಮುಂಚೆ ಮೂರು ದಿನಗಳ ನಿನೆವೆಯ ಉಪವಾಸವನ್ನು ಆಚರಿಸುತ್ತಾರೆ. ನಮ್ಮ ನೆರೆಯ ಕೇರಳದಲ್ಲಿ ಇದಕ್ಕೆ 'ಮೂನ್ನು ನೋಂಬು' ಎಂಬ ಹೆಸರು. ಯೆಹೂದ್ಯರು ತಮ್ಮ ದೋಷಪರಿಹಾರಕ ದಿನದ ಮಧ್ಯಾಹ್ನದಲ್ಲಿ ಯೋನನ ಗ್ರಂಥವನ್ನು ಓದುತ್ತಾರೆ.

ಆದರೆ ಆ ಗ್ರಂಥದ ಕಡೆಯ ಅಧ್ಯಾಯವನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಪಟ್ಟಣವು ಉಳಿದುದಕ್ಕೆ ಯೋನನು ಸಂತೋಷಪಡಲಿಲ್ಲ, ಸಿಟ್ಟಾದನು. ಪರರು ದೇವರ ಕಡೆಗೆ ತಿರುಗಬೇಕೆಂದು ಸಾರಿದವನು, ಅವರು ತಿರುಗಿದಾಗ ತಾನು ಮಾತ್ರ ಪಟ್ಟಣದ ಹೊರಗೆ ಮುಖ ಗಂಟಿಕ್ಕಿ ಕುಳಿತನು. ಆ ಕಥೆಯಲ್ಲಿ ಅರಸನೂ ಜನರೂ ತಿರುಗಿದರು. ಪ್ರಸಂಗಿಯು ತಿರುಗಿದನೋ ಇಲ್ಲವೋ ಎಂಬುದನ್ನು ಹೇಳದೆಯೇ ಗ್ರಂಥವು ಮುಗಿಯುತ್ತದೆ. ದೇಶದ ಪಾಪಗಳಿಗಾಗಿ ದಿನವೂ ಪ್ರಾರ್ಥಿಸುವ ನನ್ನಂಥವರಿಗೆ ಇದು ಯೋಚನೆಗೆ ಎಡೆಗೊಡಬೇಕಾದ ವಿಷಯ.

ಎರಡನೆಯ ಉದಾಹರಣೆಯು ಯೆಹೂದದ ಅರಸನಾದ ಯೋಷೀಯನದು. ಎಂಟು ವರ್ಷದ ಬಾಲಕನಾಗಿ ಪಟ್ಟವೇರಿದ ಇವನು ತನ್ನ ಆಳಿಕೆಯ ಹದಿನೆಂಟನೆಯ ವರ್ಷದಲ್ಲಿ, ಅಂದರೆ ಕ್ರಿಸ್ತಪೂರ್ವ ಸುಮಾರು ೬೨೨ರಲ್ಲಿ, ದೇವಾಲಯದ ದುರಸ್ತಿಯನ್ನು ಕೈಗೊಂಡನು. ಆಗ ಮಹಾಯಾಜಕನಾದ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಗ್ರಂಥವು ದೊರೆಯಿತು. ಲೇಖಕನಾದ ಶಾಫಾನನು ಅದನ್ನು ಓದಿ ಹೇಳಲು ಅರಸನು ಬಟ್ಟೆಗಳನ್ನು ಹರಿದುಕೊಂಡನು. ದೇವರ ಚಿತ್ತವನ್ನು ವಿಚಾರಿಸಲು ಆ ದೊಡ್ಡ ಮನುಷ್ಯರೆಲ್ಲರೂ ಹೋದದ್ದು ಯೆರೂಸಲೇಮಿನಲ್ಲಿ ವಾಸವಾಗಿದ್ದ ಹುಲ್ದಳೆಂಬ ಸ್ತ್ರೀಯ ಬಳಿಗೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಹೆಸರನ್ನು ಮರೆಯಬಾರದೆಂದು ನಾನು ಪ್ರತಿವರ್ಷವೂ ಹೇಳುತ್ತ ಬಂದಿದ್ದೇನೆ.

ಯೋಷೀಯನು ವಿಗ್ರಹಗಳನ್ನು ಒಡಿಸಿ, ಜನರಿಂದ ಒಡಂಬಡಿಕೆಯನ್ನು ಮಾಡಿಸಿ, ಪಸ್ಕಹಬ್ಬವನ್ನು ವೈಭವದಿಂದ ನಡೆಸಿದನು. ಆದರೆ ಕ್ರಿಸ್ತಪೂರ್ವ ೬೦೯ರಲ್ಲಿ ಅವನು ಮೆಗಿದ್ದೋವಿನಲ್ಲಿ ಮಡಿದ ಕೂಡಲೆ ಜನರು ಹಳೆಯ ದಾರಿಯನ್ನೇ ಹಿಡಿದರು. ಕಾಲು ಶತಮಾನವು ಕಳೆಯುವುದರೊಳಗೆ ಯೆರೂಸಲೇಮು ಬೆಂಕಿಗೆ ಆಹುತಿಯಾಯಿತು. ಅರಸನ ಹೃದಯವು ಮೆತ್ತಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅರಸನ ಆಜ್ಞೆಯು ಬಲಿಪೀಠಗಳನ್ನು ಕೆಡವೀತು, ಮನಸ್ಸುಗಳನ್ನು ತಿರುಗಿಸಲಾರದು.

ಈ ವೃತ್ತಾಂತದಲ್ಲಿ ಒಂದು ಸಣ್ಣ ಮಾತುಂಟು. ದುರಸ್ತಿಯ ಕೆಲಸದ ಬಡಗಿಗಳಿಗೂ ಕಲ್ಲುಕುಟಿಗರಿಗೂ ಸಲ್ಲಬೇಕಾದ ಹಣವನ್ನು ಮೇಸ್ತ್ರಿಗಳ ಕೈಗೆ ಒಪ್ಪಿಸಿದ ಮೇಲೆ ಅವರಿಂದ ಲೆಕ್ಕವನ್ನು ಕೇಳುತ್ತಿರಲಿಲ್ಲ, ಏಕೆಂದರೆ ಅವರು ನಂಬಿಗಸ್ತರಾಗಿದ್ದರು ಎಂದು ಬರೆದಿದೆ. ಈ ಮಾತನ್ನು ನಾನು ಅನೇಕ ಸಾರಿ ಓದಿದ್ದೆನು. ಕಳೆದ ವರ್ಷ ಓದಿದಾಗ ಮಾತ್ರ ಪುಸ್ತಕವನ್ನು ಮುಚ್ಚಿಡಬೇಕಾಯಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಮೂರನೆಯದು ನೆಹೆಮೀಯನ ಕಾಲದ ಸಂಗತಿ. ಪಾರಸಿಯ ಅರಸನ ಪಾನದಾಯಕನಾಗಿದ್ದ ಇವನು ಯೆರೂಸಲೇಮಿನ ಗೋಡೆಯು ಬಿದ್ದಿರುವುದನ್ನು ಕೇಳಿ ಅತ್ತು ಪ್ರಾರ್ಥಿಸಿದನು. ಆ ಪ್ರಾರ್ಥನೆಯಲ್ಲಿ ಇಸ್ರಾಯೇಲ್ಯರ ಪಾಪವನ್ನು ಅರಿಕೆಮಾಡುವಾಗ, ನಾನೂ ನನ್ನ ತಂದೆಯ ಮನೆಯವರೂ ಪಾಪಮಾಡಿದೆವೆಂದು ತನ್ನನ್ನು ಸೇರಿಸಿಯೇ ಹೇಳಿದನು. ಬಳಿಕ ಊರಿಗೆ ಬಂದು ಗೋಡೆಯನ್ನು ೫೨ ದಿನಗಳಲ್ಲಿ ಕಟ್ಟಿ ಮುಗಿಸಿದನು. ಎಜ್ರನು ನೀರುಬಾಗಲಿನ ಮುಂದಿನ ಬಯಲಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದಾಗ ಗಂಡಸರೂ ಹೆಂಗಸರೂ ಕೂಡಿ ಅತ್ತರು. ಈ ದೃಶ್ಯವನ್ನು ನಾವು ಪ್ರಸಂಗಗಳಲ್ಲಿ ಬಹಳ ಕೇಳಿದ್ದೇವೆ.

ಆದರೆ ಆ ಅಳುವಿಗೆ ಮುಂಚೆ ನಡೆದದ್ದೇನು? ಐದನೆಯ ಅಧ್ಯಾಯವನ್ನು ತೆರೆದು ನೋಡಿರಿ. ಬಡವರೂ ಅವರ ಹೆಂಡತಿಯರೂ ಗಟ್ಟಿಯಾಗಿ ಗೋಳಾಡಿದರು. ಬರಗಾಲದಲ್ಲಿ ಹೊಲ, ದ್ರಾಕ್ಷೇತೋಟ, ಮನೆಗಳನ್ನು ಒತ್ತೆಯಿಟ್ಟಿದ್ದೇವೆ, ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ದಾಸಿಯರಾಗಿದ್ದಾರೆ, ಬಿಡಿಸಿಕೊಳ್ಳಲು ನಮ್ಮಲ್ಲಿ ಶಕ್ತಿಯಿಲ್ಲ ಎಂದು ಮೊರೆಯಿಟ್ಟರು. ಸಾಲ ಕೊಟ್ಟವರು ಪರದೇಶದವರಲ್ಲ, ಸ್ವಂತ ಸಹೋದರರು. ನೆಹೆಮೀಯನು ಶ್ರೀಮಂತರನ್ನು ಸಭೆಯ ಮುಂದೆ ನಿಲ್ಲಿಸಿ, ಹೊಲಗಳನ್ನೂ ಮನೆಗಳನ್ನೂ ಬಡ್ಡಿಯನ್ನೂ ಆ ದಿನವೇ ಹಿಂದಕ್ಕೆ ಕೊಡಬೇಕೆಂದನು. ಅವರು ಒಪ್ಪಿದರು. ತಾನೂ ತನ್ನ ಸೇವಕರೂ ಸಾಲ ಕೊಟ್ಟಿರುವೆವೆಂಬುದನ್ನು ಅವನು ಅಲ್ಲಿಯೇ ಒಪ್ಪಿಕೊಂಡನೆಂಬುದನ್ನು ಗಮನಿಸಿರಿ. ಹೀಗೆ ಅಲ್ಲಿ ಮೊದಲು ಹಿಂದಿರುಗಿದ್ದು ಹೊಲಗಳು. ಕಣ್ಣೀರು ಬಂದದ್ದು ಬಳಿಕ. ಹಿಂದಕ್ಕೆ ಕೊಡದೆ ಹಿಂದಿರುಗುವುದು ಸಾಧ್ಯವಿಲ್ಲವೆಂಬುದು ಜಕ್ಕಾಯನಿಗೂ ತಿಳಿದಿತ್ತು.

ನಮ್ಮ ಕಾಲಕ್ಕೆ ಸಮೀಪವಾದ ಒಂದು ಸಂಗತಿಯನ್ನೂ ಹೇಳಬೇಕು. ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಬೋಧಕರನ್ನೂ, ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರನ್ನೂ ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳು ಕೃತಜ್ಞತೆಯಿಂದ ನೆನೆಯುತ್ತವೆ. ಮೋಗ್ಲಿಂಗರು ಜರ್ಮನಿಯ ವುರ್ಟೆಂಬೆರ್ಗ್ ಪ್ರಾಂತದವರು; ಅವರಂತೆ ಬಂದ ಬೋಧಕರಲ್ಲಿ ಅನೇಕರು ಅದೇ ಪ್ರಾಂತದವರು. ಆ ಪ್ರಾಂತದ ಮುಖ್ಯ ಪಟ್ಟಣವು ಸ್ಟುಟ್‌ಗಾರ್ಟ್. ನಮ್ಮ ಹಿರಿಯರಿಗೆ ಅಕ್ಷರವನ್ನೂ ಸುವಾರ್ತೆಯನ್ನೂ ತಂದುಕೊಟ್ಟ ಸಭೆಯ ಮಕ್ಕಳು ನೂರು ವರ್ಷಗಳ ಬಳಿಕ ಹಿಟ್ಲರನ ಆಳಿಕೆಯನ್ನು ಕಂಡರು. ಅನೇಕರು ಅವನನ್ನು ಹೊಗಳಿದರು. ಇನ್ನೂ ಅನೇಕರು ಸುಮ್ಮನಿದ್ದರು. ಲಕ್ಷಾಂತರ ಯೆಹೂದ್ಯರನ್ನು ಅವರ ನೆರೆಹೊರೆಯಿಂದಲೇ ಕೊಂಡೊಯ್ದು ಕೊಂದರು.

ಯುದ್ಧವು ಮುಗಿದ ಮೇಲೆ, ೧೯೪೫ರ ಅಕ್ಟೋಬರ್ ೧೮ ಮತ್ತು ೧೯ನೆಯ ತಾರೀಕುಗಳಲ್ಲಿ, ಜರ್ಮನಿಯ ಇವ್ಯಾಂಜೆಲಿಕಲ್ ಸಭೆಯ ಆಲೋಚನಾ ಮಂಡಲಿಯು ಬಾಂಬುಗಳಿಂದ ಹಾಳಾಗಿದ್ದ ಸ್ಟುಟ್‌ಗಾರ್ಟಿನಲ್ಲಿ ಕೂಡಿತು. ಯುದ್ಧದಲ್ಲಿ ಎದುರುಪಕ್ಷವಾಗಿದ್ದ ದೇಶಗಳ ಸಭೆಗಳಿಂದಲೂ ಪ್ರತಿನಿಧಿಗಳು ಬಂದಿದ್ದರು. ಅವರ ಮುಂದೆ ಹನ್ನೊಂದು ಮಂದಿ ಜರ್ಮನರು ಒಂದು ಪಾಪನಿವೇದನೆಗೆ ಸಹಿ ಹಾಕಿದರು. ತಮ್ಮ ಮೂಲಕ ಅನೇಕ ಜನಾಂಗಗಳ ಮೇಲೆ ಅಪಾರ ಸಂಕಟವು ಬಂದಿತೆಂದೂ, ಧೈರ್ಯದಿಂದ ಸಾಕ್ಷಿಹೇಳುವುದರಲ್ಲಿಯೂ ಪ್ರಾರ್ಥನೆಯಲ್ಲಿಯೂ ನಂಬಿಕೆಯಲ್ಲಿಯೂ ಪ್ರೀತಿಯಲ್ಲಿಯೂ ತಾವು ಕೊರತೆಯಾದೆವೆಂದೂ ಒಪ್ಪಿಕೊಂಡರು. ದೇಶದಲ್ಲಿ ಇದಕ್ಕೆ ಮೆಚ್ಚುಗೆಗಿಂತ ಕೋಪವೇ ಹೆಚ್ಚಾಗಿ ಬಂದಿತು. ಮನೆಗಳು ಸುಟ್ಟುಹೋಗಿ ಹಸಿದಿರುವ ನಾವು ಯಾಕೆ ತಪ್ಪೊಪ್ಪಿಕೊಳ್ಳಬೇಕೆಂದು ಜನರು ಕೇಳಿದರು. ಆ ನಿವೇದನೆಯಲ್ಲಿ ಕೊರತೆಯೂ ಇತ್ತು: ಯೆಹೂದ್ಯರ ಹೆಸರನ್ನೇ ಅದು ಎತ್ತಲಿಲ್ಲ. ಅದನ್ನು ಹೇಳಲು ಅವರ ಮಹಾಸಭೆಗೆ ೧೯೫೦ರವರೆಗೆ ಸಮಯ ಹಿಡಿಯಿತು.

ಸಹಿ ಹಾಕಿದವರಲ್ಲಿ ಮಾರ್ಟಿನ್ ನೀಮೊಲರ್ ಎಂಬ ಸಭಾಪಾಲಕರೊಬ್ಬರು. ಆರಂಭದಲ್ಲಿ ಹಿಟ್ಲರನ ಪಕ್ಷಕ್ಕೆ ಮತ ಕೊಟ್ಟವರು. ಬಳಿಕ ಅವನನ್ನು ಎದುರಿಸಿ ೧೯೩೭ರಿಂದ ೧೯೪೫ರವರೆಗೆ ಸೆರೆಯಲ್ಲಿದ್ದವರು. ಬಿಡುಗಡೆಯಾದ ಮೇಲೆ ಅವರು ಪತ್ನಿಯೊಡನೆ ಡಾಖಾವಿನ ಸೆರೆಶಿಬಿರವನ್ನು ನೋಡಲು ಹೋದರಂತೆ. ಅಲ್ಲಿ ಹೆಣಗಳನ್ನು ಸುಟ್ಟ ಸ್ಥಳದಲ್ಲಿ ೧೯೩೩ರಿಂದ ೧೯೪೫ರವರೆಗೆ ಎಂದು ಬರೆದಿತ್ತು. ೧೯೩೭ರಿಂದ ಮುಂದಿನದಕ್ಕೆ ತನ್ನಲ್ಲಿ ಉತ್ತರವುಂಟು, ತಾನು ಸೆರೆಯಲ್ಲಿದ್ದೆನು. ಆದರೆ ೧೯೩೩ರಿಂದ ೧೯೩೭ರವರೆಗೆ ನೀನು ಎಲ್ಲಿದ್ದೆ ಎಂದು ದೇವರು ಕೇಳಿದರೆ ಏನು ಹೇಳಲಿ ಎಂಬುದು ಅವರ ಮನಸ್ಸನ್ನು ಚುಚ್ಚಿತು. ಇದನ್ನು ಅವರೇ ಅನೇಕ ಸಭೆಗಳಲ್ಲಿ ಹೇಳಿಕೊಂಡರು. ಎಂಟು ವರ್ಷ ಸೆರೆಯಲ್ಲಿದ್ದ ಮನುಷ್ಯನು ತನ್ನ ನಾಲ್ಕು ವರ್ಷಗಳ ಲೆಕ್ಕವನ್ನು ತಾನೇ ಹುಡುಕಿಕೊಂಡನು.

ಇದನ್ನು ಓದಿದ ರಾತ್ರಿ ನನಗೂ ನನ್ನ ಒಂದು ವರ್ಷದ ಲೆಕ್ಕವು ನೆನಪಿಗೆ ಬಂದಿತು. ನೆನಪಿಗೆ ಬಂದಿತೆಂದರೆ ಸತ್ಯವಾಗಲಿಕ್ಕಿಲ್ಲ, ಅದನ್ನು ನಾನು ಮರೆತಿರಲೇ ಇಲ್ಲ.

ಇಪ್ಪತ್ತೊಂದು ವರ್ಷಗಳ ಹಿಂದೆ, ನಾನು ಇದೇ ಶಾಲೆಯಲ್ಲಿ ತರುಣ ಉಪಾಧ್ಯಾಯಿನಿಯಾಗಿದ್ದಾಗ, ಎಂಟನೆಯ ತರಗತಿಯು ನನ್ನ ವಶದಲ್ಲಿತ್ತು. ಕೊಯ್ಲಿನ ಹಬ್ಬದ ಸಮಯದಲ್ಲಿ ಕುಷ್ಠರೋಗಿಗಳ ಸಹಾಯಕ್ಕಾಗಿ ಮಕ್ಕಳು ೧೮೫ ರೂಪಾಯಿಗಳನ್ನು ಕೂಡಿಸಿ ಬಟ್ಟೆಯ ಚೀಲದಲ್ಲಿ ನನಗೆ ಒಪ್ಪಿಸಿದರು. ಮಧ್ಯಾಹ್ನದ ಊಟದ ಬಿಡುವಿನ ಬಳಿಕ ನೋಡಿದರೆ ಚೀಲವು ಮೇಜಿನ ಖಾನೆಯಲ್ಲಿರಲಿಲ್ಲ. ಬಿಡುವಿನಲ್ಲಿ ತರಗತಿಯೊಳಗೆ ಉಳಿದಿದ್ದವಳು ಒಬ್ಬಳೇ ಹುಡುಗಿ. ಅವಳು ಉಳಿದದ್ದು ಏಕೆಂದರೆ, ಅಂದು ಅವಳು ಬುತ್ತಿಯನ್ನು ತಂದಿರಲಿಲ್ಲ. ಇತರರು ಉಣ್ಣುವಾಗ ಅವರ ನಡುವೆ ಬರಿಗೈಯಲ್ಲಿ ಕುಳಿತುಕೊಳ್ಳಲು ನಾಚಿದಳು. ಇದು ನನಗೆ ಬಳಿಕ ತಿಳಿಯಿತು. ಕೇಳಿದ್ದರೆ ಆಗಲೇ ತಿಳಿಯುತ್ತಿತ್ತು.

ನಾಲ್ವತ್ತು ಹುಡುಗಿಯರ ಮುಂದೆ ಅವಳ ಪುಸ್ತಕದ ಚೀಲವನ್ನು ಮೇಜಿನ ಮೇಲೆ ಸುರಿದು ನೋಡಿದೆನು. ಏನೂ ದೊರೆಯಲಿಲ್ಲ. ಆದರೂ ನಾನು ಸುಮ್ಮನಾಗದೆ, "ಹಸಿದವರಿಗೆ ಆಸೆ ಹುಟ್ಟುವುದು ಸಹಜ" ಎಂದೆನು. ಅವಳು ಅಳಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡು ತನ್ನ ಸ್ಥಳಕ್ಕೆ ಹೋಗಿ ಕುಳಿತಳು. ಮುಂದಿನ ಸೋಮವಾರದಿಂದ ಶಾಲೆಗೆ ಬರಲಿಲ್ಲ.

ಏಳು ವಾರಗಳ ಬಳಿಕ ಹೊಲಿಗೆಯ ಕಪಾಟನ್ನು ತೆರೆದಾಗ ಮಾದರಿಗಳ ಕಟ್ಟಿನೊಳಗೆ ಆ ಚೀಲವು ದೊರೆಯಿತು. ಬಿಡುವಿಗೆ ಮೊದಲು ಕಛೇರಿಯಿಂದ ಕರೆ ಬಂದಾಗ, ಭದ್ರವಾಗಿರಲೆಂದು ನಾನೇ ಅದನ್ನು ಅಲ್ಲಿಟ್ಟು ಮರೆತಿದ್ದೆನು. ಅವಳ ಮನೆಗೆ ಕ್ಷಮೆ ಕೇಳಿ ಒಂದು ಕಾಗದವನ್ನು ಬರೆದೆನು, ಉತ್ತರ ಬರಲಿಲ್ಲ. ತರಗತಿಯಲ್ಲಿ, "ಹಣವು ದೊರೆತಿದೆ" ಎಂದು ಹೇಳಿ ಪಾಠಕ್ಕೆ ತೊಡಗಿದೆನು. ಎಲ್ಲಿ ದೊರೆಯಿತು, ಇಟ್ಟವರು ಯಾರು ಎಂಬುದನ್ನು ಹೇಳಲಿಲ್ಲ. ಹಣವು ತಾನಾಗಿಯೇ ಹೋಗಿ ತಾನಾಗಿಯೇ ಬಂದಂತೆ ನನ್ನ ಮಾತು ಇತ್ತು. ಉಪಾಧ್ಯಾಯಿನಿಯ ಗೌರವಕ್ಕೆ ಕುಂದು ಬಂದರೆ ಶಿಸ್ತು ಕೆಡುವುದೆಂದು ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು. ಈ ವರ್ಷಗಳಲ್ಲಿ ನಾನು ಏಕಾಂತದಲ್ಲಿ ಅತ್ತದ್ದುಂಟು. ಅದನ್ನೇ ಪಶ್ಚಾತ್ತಾಪವೆಂದು ತಿಳಿದುಕೊಂಡಿದ್ದೆನು.

ಕಳೆದ ವರ್ಷ ಅವಳ ಮನೆಯನ್ನು ವಿಚಾರಿಸಿಕೊಂಡು ಹೋದೆನು. ತಾಯಿಯು ಜಗಲಿಯಲ್ಲಿ ಬೀಡಿ ಕಟ್ಟುತ್ತ ಕುಳಿತಿದ್ದರು. ನಾನು ಯಾರೆಂದು ಹೇಳಿದಾಗ ಮಾತಾಡದೆ ಒಳಕ್ಕೆ ಹೋಗಿ ಮಗಳನ್ನು ಕರೆದರು. ಅವಳು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಇಬ್ಬರು ಮಕ್ಕಳ ತಾಯಿ. ನಾನು ಹೇಳಬೇಕೆಂದು ಬಂದದ್ದನ್ನೆಲ್ಲ ಹೇಳಿದೆನು. ಅವಳು ತುಳುವಿನಲ್ಲಿ ಕೊಟ್ಟ ಉತ್ತರವನ್ನು ಕನ್ನಡದಲ್ಲಿ ಬರೆಯುತ್ತೇನೆ:

"ಟೀಚರೇ, ನಾನು ಕದಿಯಲಿಲ್ಲವೆಂದು ನನಗೆ ಅಂದೇ ಗೊತ್ತಿತ್ತು. ಅದನ್ನು ನೀವು ನನಗೆ ಹೇಳಬೇಕಾಗಿಲ್ಲ. ಅಂದು ಕೇಳಿದವರಿಗೆ ಹೇಳಿ. ಅವರಲ್ಲಿ ಒಬ್ಬರು ಈಗಲೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತರೆ ಕೈಚೀಲವನ್ನು ಆ ಕಡೆಗೆ ಇಟ್ಟುಕೊಳ್ಳುತ್ತಾರೆ."

ನಾನು ಹೊರಡುವಾಗ ಅವಳು ಅಂಗಳದವರೆಗೆ ಬಂದಳು. ಕ್ಷಮಿಸಿದ್ದೇನೆಂದು ಹೇಳಲಿಲ್ಲ. "ಮಳೆ ಬರುವ ಹಾಗಿದೆ, ಬೇಗ ಹೋಗಿ" ಎಂದಳು.

ಆದಕಾರಣ ಈ ಲೇಖನವನ್ನು ಬರೆದಿದ್ದೇನೆ. ಆ ನಾಲ್ವತ್ತು ಮಂದಿಯಲ್ಲಿ ಅನೇಕರು ಈ ಸಂಚಿಕೆಯನ್ನು ಓದುವಿರೆಂದು ಬಲ್ಲೆನು. ಕೆಲವರ ಹೆಣ್ಣುಮಕ್ಕಳು ಇಂದು ನಮ್ಮ ಶಾಲೆಯಲ್ಲಿಯೇ ಕಲಿಯುತ್ತಿದ್ದಾರೆ. ಅವಳ ಹೆಸರನ್ನು ಅಚ್ಚು ಹಾಕಬಾರದೆಂದು ಅವಳು ಕೇಳಿಕೊಂಡಿದ್ದಾಳೆ. ಹೆಸರು ನಿಮಗೆ ನೆನಪಿದೆ. ನಿಮ್ಮ ಮುಂದೆ ನಾನು ಹೊರಿಸಿದ ಅಪವಾದವು ಸುಳ್ಳು. ಹಣವನ್ನು ಯಾರೂ ಕದ್ದಿರಲಿಲ್ಲ. ಅದನ್ನು ಮರೆತಿಟ್ಟವಳು ನಾನು. ಹಸಿದ ಮಗುವಿನ ಹಸಿವನ್ನೇ ಅವಳಿಗೆ ವಿರೋಧವಾದ ಸಾಕ್ಷಿಯನ್ನಾಗಿ ಮಾಡಿದವಳು ನಾನು. ಸತ್ಯವು ತಿಳಿದ ಮೇಲೆಯೂ ಇಪ್ಪತ್ತೊಂದು ವರ್ಷ ಅದನ್ನು ನಿಮ್ಮಿಂದ ಬಚ್ಚಿಟ್ಟವಳೂ ನಾನೇ. ಯೋಷೀಯನ ಕಾಲದ ಬಡಗಿಗಳಿಗೆ ದೊರೆತ ನಂಬಿಕೆಯಲ್ಲಿ ಒಂದು ಅಂಶವೂ ನನ್ನ ಕೈಯಿಂದ ಅವಳಿಗೆ ದೊರೆಯಲಿಲ್ಲ. ಅವಳನ್ನು ಕಂಡವರು ದಯವಿಟ್ಟು ಮಾತಾಡಿಸಿರಿ.

ಅವಳ ಕಳೆದುಹೋದ ವಿದ್ಯೆಯನ್ನು ಹಿಂದಕ್ಕೆ ಕೊಡುವ ಶಕ್ತಿಯು ನನಗಿಲ್ಲ. ನೆಹೆಮೀಯನ ಕಾಲದ ಸಾಲಗಾರರಿಗೆ ಹೊಲವನ್ನು ಬಿಟ್ಟುಕೊಡುವುದು ಸಾಧ್ಯವಾಯಿತು; ಕೆಲವು ಸಾಲಗಳು ಹಾಗೆ ತೀರುವುದಿಲ್ಲ. ನನ್ನ ಅಧಿಕಾರದಲ್ಲಿರುವ ಎರಡು ಕೆಲಸಗಳನ್ನು ಮಾತ್ರ ಮಾಡಿದ್ದೇನೆ. ನಮ್ಮ ಶಾಲೆಯಲ್ಲಿ ಇನ್ನು ಮುಂದೆ ಯಾವ ಹುಡುಗಿಯ ಚೀಲವನ್ನೂ ತರಗತಿಯ ಮುಂದೆ ತೆರೆಯಿಸಬಾರದು. ಸಂದೇಹವಿದ್ದರೆ ಏಕಾಂತದಲ್ಲಿ, ಮೊದಲು ಕೇಳಿ, ಬಳಿಕ ವಿಚಾರಿಸಬೇಕು. ಮಧ್ಯಾಹ್ನದಲ್ಲಿ ತರಗತಿಯೊಳಗೆ ಒಬ್ಬಳೇ ಉಳಿದ ಹುಡುಗಿಯನ್ನು ಕಂಡರೆ, ಅವಳು ಉಂಡಳೋ ಇಲ್ಲವೋ ಎಂಬುದನ್ನೇ ಉಪಾಧ್ಯಾಯಿನಿಯು ಮೊತ್ತಮೊದಲು ಕೇಳಬೇಕು.

ಇನ್ನು ಆ ಎಂಟನೆಯ ತರಗತಿಯ ಹುಡುಗಿಗೆ ನಾನು ಕೊಟ್ಟ ಉತ್ತರ. ದೇಶ ತಪ್ಪು ಮಾಡಿದರೆ ಯಾರು ಅಳಬೇಕು? ದೇಶಕ್ಕೆ ಬೇರೆ ಕಣ್ಣುಗಳಿಲ್ಲ, ಮಗಳೇ. ಅರಸನು ಆಜ್ಞಾಪಿಸಿದರೂ ಸಾಲದು, ಪ್ರಸಂಗಿಯು ಸಾರಿದರೂ ಸಾಲದು. ಎಲ್ಲಿ ಅಪವಾದವನ್ನು ಹೊರಿಸಿದೆವೋ ಅಲ್ಲಿಯೇ ನಿಂತು ಒಪ್ಪಿಕೊಳ್ಳಬೇಕು. ಯಾರಿಂದ ಕಸಿದೆವೋ ಅವರಿಗೇ ಹಿಂದಕ್ಕೆ ಕೊಡಬೇಕು. ಹೀಗೆ ಮಾಡುವವರು ಹನ್ನೊಂದು ಮಂದಿಯಾದರೂ ದೊರೆತರೆ ಜನಾಂಗವು ತಿರುಗಲು ಆರಂಭಿಸಿತೆಂದು ತಿಳಿಯಬಹುದು. ಮೊದಲು ಅಳಬೇಕಾದವರು ಪ್ರಾರ್ಥನೆಯನ್ನು ನಡೆಸುವವರು.

ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನೀವು ಅತ್ತಿದ್ದೀರಾ, ಟೀಚರ್?" ಎಂದು ಕೇಳಿದಳು. ಅಂದು ಯಾರೂ ನಗಲಿಲ್ಲ. ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಕೊಟ್ಟಿದ್ದೇನೆ.

ಬೆಳಗಿನ ಪ್ರಾರ್ಥನೆಯಲ್ಲಿ ದೇಶಕ್ಕಾಗಿ ನಾವು ಈಗಲೂ ಬೇಡಿಕೊಳ್ಳುತ್ತೇವೆ. 'ನಮ್ಮ ಜನಾಂಗವು' ಎಂಬ ಮಾತಿಗೆ ಮುಂಚೆ 'ನಾನೂ' ಎಂಬ ಮಾತನ್ನು ಸೇರಿಸಿಕೊಂಡಿದ್ದೇನೆ. ನಿಮ್ಮ ಮನೆಗಳಲ್ಲಿ ಪ್ರಾರ್ಥಿಸುವಾಗ ನನ್ನನ್ನೂ ನೆನೆಯಬೇಕೆಂದು ಬೇಡುತ್ತೇನೆ. ತಿರುಗಿ ಬರುವವರನ್ನು ತಳ್ಳಿಬಿಡದ ಕರ್ತನು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಕಾಪಾಡಲಿ.

ಇತಿ ನಿಮ್ಮ ಮುಖ್ಯೋಪಾಧ್ಯಾಯಿನಿ.